ಇನ್ನಿಂಗ್ಸ್ ಬಿಡಿ, ಎಸೆತ ಎಣಿಸಿ

ಇಂದ
ನಿಮ್ಮ ಟೂರ್ನಮೆಂಟ್‌ನಲ್ಲಿ ಆಡಿದ ಒಂಬತ್ತು ವರ್ಷದ ಹುಡುಗನ ತಾಯಿ,
ಕ್ಯಾರಿ, ನಾರ್ತ್ ಕ್ಯಾರೊಲಿನಾ

ಗೆ
ಟೂರ್ನಮೆಂಟ್ ನಿರ್ದೇಶಕರು ಮತ್ತು ಗ್ರಾಹಕ ಸೇವಾ ವಿಭಾಗ

ವಿಷಯ: ಶಾರ್ಲೆಟ್ ಹತ್ತಿರ ನಡೆದ ನಿಮ್ಮ ಮಕ್ಕಳ ಬೇಸ್‌ಬಾಲ್ ಟೂರ್ನಮೆಂಟ್‌ನಲ್ಲಿ ನನ್ನ ಮಗನ ಮೊಣಕೈಗೆ ಆದ ನೋವು, ಎಸೆತಕ್ಕೆ ಮಿತಿ ಇಲ್ಲದ ನಿಮ್ಮ ನಿಯಮ ಮತ್ತು ಬಲವಂತದ ಹೋಟೆಲ್ ಬುಕಿಂಗ್ ಬಗ್ಗೆ ದೂರು.

ಮಾನ್ಯರೇ,

ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಈಗಾಗಲೇ ತಲುಪಿದೆ. ನಮ್ಮ ಕಡೆ ಟ್ರಾವೆಲ್ ಬೇಸ್‌ಬಾಲ್‌ಗೆ, ಅಂದರೆ ಊರೂರು ತಿರುಗಿ ಟೂರ್ನಮೆಂಟ್ ಆಡುವುದಕ್ಕೆ, ಮಕ್ಕಳನ್ನು ಕಳಿಸುವ ಕನ್ನಡದ ಮನೆಗಳೂ ಇವೆ. ಆ ಅಪ್ಪ ಅಮ್ಮಂದಿರು, ಬೇಸಿಗೆಗೆ ಊರಿಂದ ಬಂದಿರುವ ಅಜ್ಜ ಅಜ್ಜಿಯರು ಎಲ್ಲರೂ ಓದಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ. ಎರಡರಲ್ಲೂ ಇರುವುದು ಒಂದೇ ಮಾತು.

ನನ್ನ ಮೊದಲ ಇಮೇಲ್‌ಗೆ ನೀವು ಕಳಿಸಿದ್ದು ಎರಡೇ ಸಾಲು. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ, ತಂಡದ ಕೋಚ್ ಹತ್ತಿರ ಮಾತಾಡಿ ಅಂದಿರಿ. ನಿಯಮದ ಪ್ರಕಾರ ನಡೆದಿದೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಕೋಚ್ ನಿಯಮ ಮುರಿದಿಲ್ಲ, ಅಂಪೈರ್ ಕೂಡ ಮುರಿದಿಲ್ಲ. ನನ್ನ ದೂರು ಇರುವುದು ಆ ನಿಯಮದ ಮೇಲೆಯೇ. ಅದನ್ನು ಬರೆದವರು ನೀವು. ಹಾಗಾಗಿ ಉತ್ತರವನ್ನೂ ನೀವೇ ಕೊಡಬೇಕು.

ನಡೆದದ್ದು ಇಷ್ಟು. ಶನಿವಾರ ನನ್ನ ಮಗ ಒಂದು ಪಂದ್ಯದಲ್ಲಿ ಪಿಚಿಂಗ್ ಮಾಡಿದ, ಅಂದರೆ ಬ್ಯಾಟರ್‌ಗಳಿಗೆ ಚೆಂಡು ಎಸೆದ. 24 ಎಸೆತ. ಭಾನುವಾರ ಬೆಳಗ್ಗೆ ಎರಡು ಇನ್ನಿಂಗ್ಸ್ ಎಸೆದ, 41 ಎಸೆತ. ಮಧ್ಯಾಹ್ನ ಸೆಮಿಫೈನಲ್‌ನಲ್ಲಿ ಮತ್ತೆ ಮೂರು ಇನ್ನಿಂಗ್ಸ್, 56 ಎಸೆತ. ಅಂದರೆ ಭಾನುವಾರ ಒಂದೇ ದಿನ 97 ಸಲ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಚೆಂಡು ಎಸೆದಿದ್ದಾನೆ. ಇದು ನನ್ನ ಅಂದಾಜಲ್ಲ. ನಿಮ್ಮ ವೆಬ್‌ಸೈಟ್‌ಗೆ ಸ್ಕೋರ್ ಕಳಿಸುತ್ತದಲ್ಲ, ಅದೇ ಆ್ಯಪ್ ತೋರಿಸಿದ ಲೆಕ್ಕ. ಲೆಕ್ಕ ನಿಮ್ಮ ಕೈಯಲ್ಲೇ ಇತ್ತು. ಅದನ್ನು ನೋಡಿ ಆಟ ನಿಲ್ಲಿಸುವ ಕೆಲಸ ಮಾತ್ರ ಯಾರದ್ದೂ ಆಗಿರಲಿಲ್ಲ.

ಮಧ್ಯಾಹ್ನದ ಮೊದಲ ಇನ್ನಿಂಗ್ಸ್ ಒಂದರಲ್ಲೇ 31 ಎಸೆತ ಹೋದವು. ಬ್ಯಾಟರ್‌ಗಳು ಒಬ್ಬರ ಹಿಂದೆ ಒಬ್ಬರು, ಗುರಿ ತಪ್ಪಿದ ಎಸೆತಗಳಿಂದ ಸಿಗುವ ವಾಕ್ ತಗೊಂಡು ಸುಮ್ಮನೆ ಬೇಸ್‌ಗೆ ಹೋಗುತ್ತಿದ್ದರು. ಅವನ ಮೊಣಕೈ ಭುಜಕ್ಕಿಂತ ಕೆಳಗೆ ಇಳಿದಿತ್ತು. ಚೆಂಡು ಕ್ಯಾಚರ್‌ನ ತಲೆ ಮೇಲಿಂದ ಹಾರುತ್ತಿತ್ತು. ಪ್ರತಿ ಎಸೆತ ಆದ ಮೇಲೂ ಕೈ ಕೊಡವಿಕೊಳ್ಳುತ್ತಿದ್ದ. ಇವನನ್ನು ಇನ್ನೂ ಯಾಕೆ ಎಸೆಯಲು ಬಿಟ್ಟಿದ್ದೀರಿ ಅಂತ ನಾನು ಬೇಲಿ ಹತ್ತಿರ ಹೋಗಿ ಕೋಚ್‌ರನ್ನು ಕೇಳಿದೆ. ಇವತ್ತಿನ ಲೆಕ್ಕದಲ್ಲಿ ಅವನಿಗೆ ಇನ್ನೂ ಇನ್ನಿಂಗ್ಸ್ ಉಳಿದಿದೆ ಅನ್ನುವ ಉತ್ತರ ಬಂತು. ನಿಮ್ಮ ನಿಯಮದಲ್ಲಿ ದಿನಕ್ಕೆ ಆರು ಇನ್ನಿಂಗ್ಸ್ ತನಕ ಎಸೆಯಬಹುದು. ಅವನು ಎಸೆದದ್ದು ಐದೇ ತಾನೆ.

ತೊಂದರೆ ಇರುವುದು ಇಲ್ಲೇ. ಮೂರು ಔಟ್ ಆದರೆ ಒಂದು ಇನ್ನಿಂಗ್ಸ್ ಮುಗಿಯಿತು. ಗುರಿ ಸರಿಯಾಗಿರುವ ಹುಡುಗ ಅದನ್ನು ಹತ್ತು ಹನ್ನೆರಡು ಎಸೆತದಲ್ಲಿ ಮುಗಿಸಬಹುದು. ಸುಸ್ತಾದ ಹುಡುಗನಿಗೆ ಮೂವತ್ತು ಬೇಕು. ಎಷ್ಟು ಸುಸ್ತೋ ಅಷ್ಟು ಜಾಸ್ತಿ ಎಸೆತ. ಇನ್ನಿಂಗ್ಸ್ ಲೆಕ್ಕದಲ್ಲಿ ಇಬ್ಬರೂ ಒಂದೇ. ನಿಮ್ಮ ನಿಯಮ ಎಣಿಸುವುದು ಇನ್ನಿಂಗ್ಸ್ ಮಾತ್ರ. ಮಗುವಿನ ಕೈ ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಇದು ಹೊಸದಾಗಿ ಕಂಡುಹಿಡಿದ ಸಂಗತಿಯೇನಲ್ಲ. ಲಿಟ್ಲ್ ಲೀಗ್ 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಶುರುವಾದ ಮಕ್ಕಳ ಬೇಸ್‌ಬಾಲ್ ಸಂಸ್ಥೆ. ಇನ್ನಿಂಗ್ಸ್ ಲೆಕ್ಕ ಸಾಲದು ಅಂತ ಅವರು 2007ರಲ್ಲೇ ಎಸೆತದ ಲೆಕ್ಕಕ್ಕೆ ಬಂದರು. 2014ರಲ್ಲಿ ವೃತ್ತಿಪರ ಆಟದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ದೇಶದ ಬೇಸ್‌ಬಾಲ್ ಆಡಳಿತ ಸಂಸ್ಥೆ ಯುಎಸ್ಎ ಬೇಸ್‌ಬಾಲ್ ಸೇರಿ ಪಿಚ್ ಸ್ಮಾರ್ಟ್ ಅನ್ನುವ ಮಾರ್ಗಸೂಚಿ ಹೊರಡಿಸಿದವು. 9 ಮತ್ತು 10 ವರ್ಷದ ಮಕ್ಕಳಿಗೆ ದಿನಕ್ಕೆ ಹೆಚ್ಚೆಂದರೆ 75 ಎಸೆತ. 21ರಿಂದ 35 ಎಸೆದರೆ ಒಂದು ದಿನ ವಿಶ್ರಾಂತಿ. 66 ಅಥವಾ ಅದಕ್ಕಿಂತ ಜಾಸ್ತಿ ಆದರೆ ನಾಲ್ಕು ದಿನ. ಒಂದೇ ದಿನ ಎರಡು ಪಂದ್ಯದಲ್ಲಿ ಪಿಚಿಂಗ್ ಬೇಡ. ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಚೆಂಡು ಎಸೆಯುವುದರಿಂದ ಬಿಡುವು ಇರಲಿ.

ಈಗ ನನ್ನ ಮಗನ ಲೆಕ್ಕ ನೋಡಿ. ಶನಿವಾರ 24 ಎಸೆದ ಮೇಲೆ ಭಾನುವಾರ ಅವನು ಪಿಚಿಂಗ್‌ಗೆ ಇಳಿಯಲೇಬಾರದಿತ್ತು. ಇಳಿದ. ಎರಡು ಪಂದ್ಯದಲ್ಲಿ ಇಳಿದ. ದಿನದ ಮಿತಿಗಿಂತ 22 ಜಾಸ್ತಿ ಎಸೆದ. ನಿಮ್ಮ ಪುಸ್ತಕದಲ್ಲಿ ಇದೆಲ್ಲ ನಿಯಮದ ಒಳಗೇ ಇದೆ.

ಈ ಮಾರ್ಗಸೂಚಿಯನ್ನು ಹುಡುಕಿಕೊಂಡು ನೀವು ದೂರ ಹೋಗಬೇಕಾಗಿಯೂ ಇಲ್ಲ. ಯುಎಸ್ಎ ಬೇಸ್‌ಬಾಲ್‌ನ ರಾಷ್ಟ್ರೀಯ ತರಬೇತಿ ಕೇಂದ್ರ ಇರುವುದು ನಮ್ಮ ಕ್ಯಾರಿ ಊರಿನಲ್ಲೇ. ನಿಯಮ ಬರೆದವರ ಮೈದಾನ ಇರುವ ಊರಿನ ಹುಡುಗ ಅದೇ ರಾಜ್ಯದಲ್ಲಿ ಆಡಲು ಹೋಗಿ ಕೈ ನೋಯಿಸಿಕೊಂಡು ಬಂದಿದ್ದಾನೆ. ಇದು ನನಗೆ ತುಂಬಾ ಬೇಜಾರಿನ ವಿಷಯ.

ಸೋಮವಾರ ಬೆಳಗ್ಗೆ ಅವನು ಎಡಗೈಯಲ್ಲಿ ಚಮಚ ಹಿಡಿದು ಉಪ್ಪಿಟ್ಟು ತಿಂದ. ಬಲಗೈ ಪೂರ್ತಿ ಚಾಚಲು ಆಗುತ್ತಿರಲಿಲ್ಲ. ನೋಯ್ತಾ ಇದೆಯಾ ಅಂತ ಕೇಳಿದರೆ ಇಲ್ಲ ಅಂದ. ಮುಂದಿನ ವಾರದ ಪಂದ್ಯ ತಪ್ಪಿಹೋಗುತ್ತದೆ ಅನ್ನುವ ಭಯ ಅವನಿಗೆ. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಮೊಣಕೈ ಒಳಬದಿಯಲ್ಲಿ ಮೂಳೆ ಬೆಳೆಯುವ ಜಾಗ ಊದಿಕೊಂಡಿದೆ ಎಂದರು. ಲಿಟ್ಲ್ ಲೀಗ್ ಎಲ್ಬೋ ಎಂದು ಇದಕ್ಕೆ ಹೆಸರೇ ಇದೆ, ಅಷ್ಟು ಮಕ್ಕಳಿಗೆ ಬರುತ್ತದೆ. ದೊಡ್ಡವರಿಗಾದರೆ ಇಂಥ ಎಳೆತಕ್ಕೆ ಹರಿಯುವುದು ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ನಾರು. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಪಿಚರ್ ಟಾಮಿ ಜಾನ್ ಅವರಿಗೆ ಮಾಡಿದ ಆಪರೇಷನ್ ಅದಕ್ಕೇ. ಮಕ್ಕಳಲ್ಲಿ ಲಿಗಮೆಂಟ್‌ಗಿಂತ ಆ ಬೆಳೆಯುವ ಜಾಗವೇ ಮೆತ್ತಗೆ. ಹಾಗಾಗಿ ಪೆಟ್ಟು ಮೊದಲು ಬೀಳುವುದು ಅಲ್ಲಿಗೆ. ಆರು ವಾರ ಚೆಂಡು ಮುಟ್ಟುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ.

ಒಬ್ಬ ಹುಡುಗನ ಕಥೆ ಇಟ್ಟುಕೊಂಡು ನಿಯಮ ಬದಲಿಸೋಕೆ ಆಗುತ್ತಾ ಅಂತ ನೀವು ಕೇಳಬಹುದು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್‌ನವರು 9ರಿಂದ 14 ವರ್ಷದ 481 ಪಿಚರ್‌ಗಳನ್ನು ಹತ್ತು ವರ್ಷ ಗಮನಿಸಿ 2011ರಲ್ಲಿ ವರದಿ ಕೊಟ್ಟರು. ವರ್ಷಕ್ಕೆ 100 ಇನ್ನಿಂಗ್ಸ್‌ಗಿಂತ ಜಾಸ್ತಿ ಎಸೆದವರಿಗೆ ದೊಡ್ಡ ಗಾಯ ಆಗುವ ಸಂಭವ ಮೂರೂವರೆ ಪಟ್ಟು. ಅದಕ್ಕೂ ಮೊದಲು, 2006ರಲ್ಲಿ, ಹರೆಯದ ಪಿಚರ್‌ಗಳ ಮೇಲೆ ನಡೆದ ಇನ್ನೊಂದು ಅಧ್ಯಯನ ಇದೆ. ಕೈ ಸೋತ ಮೇಲೂ ಮತ್ತೆ ಮತ್ತೆ ಎಸೆದವರಲ್ಲಿ ಆಪರೇಷನ್ ತನಕ ಹೋಗುವ ಸಂಭವ 36 ಪಟ್ಟು ಎಂದು ಅದು ಹೇಳಿತು. ಮೂವತ್ತಾರು ಪಟ್ಟು! ಆ ಭಾನುವಾರ ಸೋತ ಕೈಯಲ್ಲಿ ಎಸೆಯುತ್ತಿದ್ದವನು ನನ್ನ ಮಗ ಒಬ್ಬನೇ ಅಲ್ಲ. ಪಕ್ಕದ ಮೈದಾನಗಳಲ್ಲೂ ಅದನ್ನೇ ನೋಡಿದೆ.

ನಾವು ಕ್ರಿಕೆಟ್ ನೋಡಿ ಬೆಳೆದವರು. ಹತ್ತು ವರ್ಷದ ವೇಗದ ಬೌಲರ್ ಕೈಗೆ ಇಡೀ ದಿನ ಚೆಂಡು ಕೊಟ್ಟರೆ ನಮ್ಮಲ್ಲಿ ಯಾವ ಕೋಚೂ ಸುಮ್ಮನೆ ಇರುವುದಿಲ್ಲ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಮಕ್ಕಳ ವೇಗದ ಬೌಲಿಂಗ್‌ಗೆ ವಯಸ್ಸಿಗೆ ತಕ್ಕ ಮಿತಿ ಹಾಕಿದೆ. ಬೇಸ್‌ಬಾಲ್‌ಗೂ ಮಿತಿ ಬರೆದಿಟ್ಟಿದ್ದಾರೆ. ನೀವು ಅದನ್ನು ಪಾಲಿಸಿದರೆ ಸಾಕು.

ಪಂದ್ಯಗಳ ವೇಳಾಪಟ್ಟಿಯೂ ಇದಕ್ಕೇ ಸೇರಿದ್ದು. ಎರಡು ದಿನದಲ್ಲಿ ಐದು ಪಂದ್ಯ ಇಟ್ಟರೆ ಹನ್ನೊಂದು ಹನ್ನೆರಡು ಮಕ್ಕಳ ತಂಡದಲ್ಲಿ ಚೆಂಡು ಎಸೆಯುವವರು ಎಲ್ಲಿಂದ ಬರಬೇಕು? ಗೆಲ್ಲಬೇಕಾದರೆ ಇರುವ ಮೂವರು ನಾಲ್ವರ ಕೈಯನ್ನೇ ಬಳಸಬೇಕು. ಭಾನುವಾರದ ಫೈನಲ್ ರಾತ್ರಿ ಎಂಟೂವರೆಗೆ ಶುರು. ಮಾರನೇ ದಿನ ಶಾಲೆ. ಮಕ್ಕಳಿಗೆ ಹತ್ತು ಹನ್ನೆರಡು ವರ್ಷ ಆದ ಮೇಲೆ ಊರೂರು ತಿರುಗುವುದು ಬೇರೆ ಮಾತು. ಈಗ ನೀವು ಏಳು, ಎಂಟು ವರ್ಷದವರಿಗೂ ಬೇರೆ ಬೇರೆ ವಿಭಾಗ ತೆರೆದಿದ್ದೀರಿ. ಊರಿನ ಲೀಗ್‌ನಲ್ಲಿ ಚೆನ್ನಾಗಿ ಆಡುತ್ತಿದ್ದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಈ ಕಡೆ ಬಂದರು. ಅಲ್ಲಿ ತಂಡ ಕಟ್ಟಲು ಮಕ್ಕಳು ಸಾಲದಂತಾಯಿತು. ಸ್ನೇಹಿತರು ಹೋದ ಮೇಲೆ ನಮ್ಮವನೂ ಹೊರಟ. ಬೇಡ ಅಂದರೆ ಅವನಿಗೆ ಆಡಲು ಜೊತೆಯೇ ಇರುತ್ತಿರಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ. ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು 15, 16 ವರ್ಷದ ತನಕ ಮುಂದೂಡಿ, ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ ಎಂದಿದ್ದರು.

ಈಗ ಹೋಟೆಲ್ ವಿಷಯ. ನನ್ನ ಚಿಕ್ಕಮ್ಮನ ಮಗಳು ಶಾರ್ಲೆಟ್‌ನಲ್ಲೇ ಇದ್ದಾಳೆ. ಅವಳ ಮನೆಯಿಂದ ನಿಮ್ಮ ಮೈದಾನಕ್ಕೆ ಕಾರಿನಲ್ಲಿ ಹತ್ತೇ ನಿಮಿಷ. ಮಕ್ಕಳಿಗೆ ಹಾಸಿಗೆ ಹಾಕಿಟ್ಟು, ಚಿತ್ರಾನ್ನ ಮಾಡಿಟ್ಟು ಕಾಯುತ್ತಿದ್ದಳು. ಆದರೂ ನಾವು ನಿಮ್ಮ ಲಿಂಕ್ ಮೂಲಕ ಎರಡು ರಾತ್ರಿಗೆ ಹೋಟೆಲ್ ಬುಕ್ ಮಾಡಬೇಕಾಯಿತು. ಮಾಡದಿದ್ದರೆ ತಂಡವನ್ನೇ ಸೇರಿಸಿಕೊಳ್ಳುವುದಿಲ್ಲ ಎಂದು ನಿಮ್ಮ ಷರತ್ತು. ಅದೇ ಹೋಟೆಲ್, ಅದೇ ರಾತ್ರಿ, ಹೊರಗೆ ಬುಕ್ ಮಾಡಿದ್ದರೆ ಬೆಲೆ ಕಡಿಮೆ ಇತ್ತು. ಎರಡೂ ಬೆಲೆಗಳ ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ. ತಂಗಿಯ ಮನೆ ಬಿಟ್ಟು ಹೋಟೆಲ್‌ನಲ್ಲಿ ಮಲಗಬೇಕು ಅಂತ ಮಕ್ಕಳ ಆಟ ನಡೆಸುವವರು ಹೇಳುವುದು ಯಾವ ನ್ಯಾಯ? ತಂಡದ ಪ್ರವೇಶ ಶುಲ್ಕ ಕೊಟ್ಟಿದ್ದೇವೆ. ಮಗನ ಆಟ ನೋಡಲು ಅಪ್ಪ ಅಮ್ಮ ಇಬ್ಬರೂ ಗೇಟ್ ಫೀ ಕೊಟ್ಟಿದ್ದೇವೆ. ಅದರ ಮೇಲೆ ಇದು. ಆಸ್ಪೆನ್ ಇನ್‌ಸ್ಟಿಟ್ಯೂಟ್ ಸಮೀಕ್ಷೆಯ ಪ್ರಕಾರ 2024ರಲ್ಲಿ ಇಲ್ಲಿನ ಕುಟುಂಬಗಳು ಮಗುವಿನ ಮುಖ್ಯ ಆಟವೊಂದಕ್ಕೇ ವರ್ಷಕ್ಕೆ ಸರಾಸರಿ 1,016 ಡಾಲರ್ ಖರ್ಚು ಮಾಡಿವೆ. 2019ಕ್ಕೆ ಹೋಲಿಸಿದರೆ ಇದು ಶೇಕಡ 46 ಜಾಸ್ತಿ. ನಮ್ಮ ತಂಡದಲ್ಲಿ ಅಪ್ಪ ಒಬ್ಬರೇ ದುಡಿದು ಸಾಕುವ ಮನೆಗಳೂ ಇವೆ. ಅವರು ಇದನ್ನು ಬಾಯಿಬಿಟ್ಟು ಹೇಳಲಾರರು.

ಬ್ಯಾಟ್ ಬಗ್ಗೆಯೂ ಒಂದು ಮಾತು. ಲಿಟ್ಲ್ ಲೀಗ್‌ನಲ್ಲಿ 2018ರಿಂದ ಮರದ್ದಲ್ಲದ ಬ್ಯಾಟ್‌ಗೆ ಯುಎಸ್ಎ ಬೇಸ್‌ಬಾಲ್ ಮುದ್ರೆ ಕಡ್ಡಾಯ. ನಿಮ್ಮಲ್ಲಿ ಅದಕ್ಕಿಂತ ಜೋರಾಗಿ ಚೆಂಡು ಚಿಮ್ಮಿಸುವ ಬೇರೆ ಮುದ್ರೆಯ ಬ್ಯಾಟ್‌ಗೂ ಅನುಮತಿ ಇದೆ. ಎದುರಿನವರು ಅದನ್ನು ತಂದರೆ ನಮ್ಮವರೂ ತರಲೇಬೇಕು. ಒಂದೇ ಹುಡುಗನಿಗೆ ಎರಡು ಬ್ಯಾಟ್.

ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ನೋವಾಗಿದ್ದು ಟೂರ್ನಮೆಂಟ್ ಮುಗಿದ ವಾರ ಬಂದ ಇಮೇಲ್. ನಿಮ್ಮ ಮಗ ನಮ್ಮ ಕಣ್ಣಿಗೆ ಬಿದ್ದಿದ್ದಾನೆ, ಆಯ್ದ ಮಕ್ಕಳ ಆಟ ತೋರಿಸುವ ಶೋಕೇಸ್‌ಗೆ ಆರಿಸಿದ್ದೇವೆ, ಹಣ ಕಟ್ಟಿ ಜಾಗ ಉಳಿಸಿಕೊಳ್ಳಿ, ಕಾಲೇಜು ಬೇಸ್‌ಬಾಲ್‌ನ ದಾರಿ ಇಲ್ಲಿಂದಲೇ ಅಂತ ಬರೆದಿದ್ದಿರಿ. ನಮ್ಮ ತಂಡದ ಅಷ್ಟೂ ಮಕ್ಕಳ ಮನೆಗೆ ಅದೇ ಇಮೇಲ್ ಬಂದಿದೆ. ಒಂದೇ ಒಂದು ಎಸೆತ ಆಡದೆ ಜ್ವರದಲ್ಲಿ ಮನೆಯಲ್ಲಿದ್ದ ಹುಡುಗನಿಗೂ ಬಂದಿದೆ. ನನ್ನ ಮಗ ಅದನ್ನು ಓದಿ ಕುಣಿದಾಡಿದ. ಕೈ ನೋವನ್ನು ಡಾಕ್ಟರ ಹತ್ತಿರವೂ ಮುಚ್ಚಿಡಲು ನೋಡಿದ. ಕಾಲೇಜಿನ ಆಸೆ ತೋರಿಸುವಾಗ ಒಂದು ನಿಜ ಹೇಳಬೇಕಲ್ವಾ? ಬಹಳ ವರ್ಷ, ಕಾಲೇಜು ಆಟದ ಅತಿ ಮೇಲಿನ ಹಂತವಾದ ಡಿವಿಷನ್ ಒನ್‌ನಲ್ಲಿ, ಒಂದು ಕಾಲೇಜಿನ ಇಡೀ ಬೇಸ್‌ಬಾಲ್ ತಂಡಕ್ಕೆ ಇದ್ದದ್ದು 11.7 ಸ್ಕಾಲರ್‌ಶಿಪ್ ಅಷ್ಟೇ. ಅದನ್ನೇ ಹುಡುಗರ ನಡುವೆ ಹಂಚುತ್ತಿದ್ದರು. ಒಂಬತ್ತು ವರ್ಷದ ಮಗುವಿನ ಮುಂದೆ ಇಂಥ ಆಸೆ ಇಟ್ಟು ದುಡ್ಡು ಕೇಳುವುದನ್ನು ನಿಲ್ಲಿಸಿ.

ಅಪ್ಪ ಅಮ್ಮಂದಿರೇ ಇದನ್ನೆಲ್ಲ ಕೇಳುತ್ತಾರೆ ಅಂತ ನಿಮ್ಮ ಸಿಬ್ಬಂದಿ ಫೋನಿನಲ್ಲಿ ಹೇಳಿದರು. ಕೆಲವರು ಕೇಳುತ್ತಾರೆ, ನಿಜ. ಆದರೆ ಕೈಗೆ ಮಿತಿ ಬೇಡ ಅಂತ ಯಾವ ತಾಯಿಯೂ ನಿಮ್ಮನ್ನು ಕೇಳಿಲ್ಲ. ಒಬ್ಬ ಕೋಚ್ ತಾನಾಗಿ ಮಿತಿ ಹಾಕಿಕೊಂಡರೆ ಎದುರಿನ ತಂಡಕ್ಕೆ ಸೋಲುತ್ತಾನೆ. ಆದ್ದರಿಂದ ಎಲ್ಲರಿಗೂ ಒಂದೇ ಮಿತಿ ಹಾಕುವ ಕೆಲಸ ನಿಮ್ಮದೇ. ಬೇರೆ ಯಾರಿಂದಲೂ ಆಗುವಂಥದ್ದಲ್ಲ.

ನಾನು ಕೇಳುವುದು ಇಷ್ಟು. ಮುಂದಿನ ಟೂರ್ನಮೆಂಟ್‌ನಿಂದಲೇ 12 ವರ್ಷದ ಒಳಗಿನ ಎಲ್ಲ ವಿಭಾಗಗಳಲ್ಲಿ ಪಿಚ್ ಸ್ಮಾರ್ಟ್ ಮಿತಿಯನ್ನು ಕಡ್ಡಾಯ ಮಾಡಿ. ಸ್ಕೋರ್ ಆ್ಯಪ್‌ನಲ್ಲಿ ಲೆಕ್ಕ ಹೇಗೂ ಬರುತ್ತದೆ. ಮಿತಿ ಮುಟ್ಟಿದ ತಕ್ಷಣ ಪಿಚರ್‌ನನ್ನು ಇಳಿಸುವ ಅಧಿಕಾರವನ್ನು ಅಂಪೈರ್‌ಗೆ ಕೊಡಿ. ಶನಿವಾರ ಒಬ್ಬ ಹುಡುಗ ಎಷ್ಟು ಎಸೆದ ಅನ್ನುವುದು ಭಾನುವಾರ ಎರಡೂ ತಂಡಕ್ಕೆ ಕಾಣುವಂತಿರಲಿ. ಈ ವಯಸ್ಸಿನವರಿಗೆ ದಿನಕ್ಕೆ ಎರಡಕ್ಕಿಂತ ಜಾಸ್ತಿ ಪಂದ್ಯ ಬೇಡ. ಭಾನುವಾರದ ಕೊನೆಯ ಪಂದ್ಯ ಸಂಜೆಯೊಳಗೆ ಮುಗಿಯಲಿ. ಹತ್ತಿರದಲ್ಲಿ ನೆಂಟರ ಮನೆ ಇರುವವರಿಗೆ, ಅದೇ ದಿನ ಹೋಗಿ ಬರುವವರಿಗೆ ಹೋಟೆಲ್ ಷರತ್ತು ಬಿಡಿ. ನಮ್ಮಿಂದ ಹೆಚ್ಚಾಗಿ ತೆಗೆದುಕೊಂಡ ಹೋಟೆಲ್ ವ್ಯತ್ಯಾಸವನ್ನು ವಾಪಸ್ ಕೊಡಿ. ಇನ್ನೂ ಆಡಬೇಕಿದ್ದ ಎರಡು ಟೂರ್ನಮೆಂಟ್‌ಗಳಿಗೆ ನನ್ನ ಮಗನ ಪಾಲಿನ ಶುಲ್ಕವನ್ನೂ ವಾಪಸ್ ಕೊಡಿ. ಡಾಕ್ಟರ ಚೀಟಿ ಇದ್ದರೂ ಹಣ ಕೊಡುವುದಿಲ್ಲ ಎಂದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಶೋಕೇಸ್ ಪಟ್ಟಿಯಿಂದ ಅವನ ಹೆಸರು ತೆಗೆಯಿರಿ.

ಎಕ್ಸ್‌ರೇ ವರದಿ, ಡಾಕ್ಟರ ಚೀಟಿ, ಆ್ಯಪ್‌ನಲ್ಲಿನ ಎಸೆತದ ಲೆಕ್ಕ, ಹೋಟೆಲ್ ರಸೀದಿ ಮತ್ತು ನಿಮ್ಮ ಶೋಕೇಸ್ ಇಮೇಲ್ ಎಲ್ಲವನ್ನೂ ಲಗತ್ತಿಸಿದ್ದೇನೆ. ನಿಮಗೆ ಮೈದಾನ ಬಾಡಿಗೆಗೆ ಕೊಡುವ ಪಾರ್ಕ್ಸ್ ಇಲಾಖೆಗೂ ಒಂದು ಪ್ರತಿ ಕಳಿಸಿದ್ದೇನೆ. ಅದು ಜನರ ತೆರಿಗೆಯಲ್ಲಿ ಕಟ್ಟಿದ ಮೈದಾನ. ಅಲ್ಲಿ ಆಡುವ ಮಕ್ಕಳಿಗೆ ಎಸೆತದ ಮಿತಿ ಇರಲೇಬೇಕು ಎಂದು ಬಾಡಿಗೆ ಕರಾರಿನಲ್ಲೇ ಸೇರಿಸಿ ಅಂತ ಅವರನ್ನು ಕೇಳಿಕೊಂಡಿದ್ದೇನೆ. ನಮ್ಮ ತಂಡದ ಉಳಿದ ಪೋಷಕರೂ ಆ ಮನವಿಗೆ ಸಹಿ ಹಾಕುತ್ತಿದ್ದಾರೆ.

ನಿಮ್ಮ ಉತ್ತರ ಬರವಣಿಗೆಯಲ್ಲಿ ಬರಲಿ. ಶರತ್ಕಾಲದ ಟೂರ್ನಮೆಂಟ್‌ಗಳ ನೋಂದಣಿ ಶುರುವಾಗುವ ಮೊದಲು ಬರಲಿ. ಮಗನನ್ನು ಕಳಿಸಬೇಕೋ ಬೇಡವೋ ಎಂದು ನಾವು ಅದನ್ನು ನೋಡಿಕೊಂಡೇ ತೀರ್ಮಾನ ಮಾಡುತ್ತೇವೆ.

ಇತಿ,
ಆಟಗಾರನ ತಾಯಿ
ಕ್ಯಾರಿ, ನಾರ್ತ್ ಕ್ಯಾರೊಲಿನಾ