ಗಾಡಿ ಚಾವಿ ಯಾರ ಹತ್ರ ಇರಬೇಕು?

“ಅಮ್ಮಾ, ಊಟ ಇಲ್ಲೇ ಇದೆ. ಅಂಕಲ್‌ಗಳೆಲ್ಲಾ ಕಾರ್ ಹತ್ರ ಯಾಕೆ ಹೋಗ್ತಿದಾರೆ?”

ಮೇ ತಿಂಗಳಲ್ಲಿ ಕಾಕಾನ ಮಗನ ಲಗ್ನಕ್ಕೆ ಕಲಬುರಗಿಗೆ ಹೋಗಿದ್ದೆವು. ರಿಂಗ್ ರೋಡಿನ ಒಂದು ಫಂಕ್ಷನ್ ಹಾಲ್‌ನಲ್ಲಿ ರಿಸೆಪ್ಷನ್. ಮಗಳು ಹೀಗೆ ಕೇಳಿದಾಗ ಪಕ್ಕದಲ್ಲಿದ್ದ ಹೆಂಗಸರು ಮುಖ ತಿರುಗಿಸಿದರು. ಕಾಕಿ ಮಾತ್ರ “ಗಾಳಿಗಿ ಹೋಗ್ಯಾರವ್ವ” ಎಂದರು. ಕೂಲರ್ ಇದ್ದದ್ದು ಒಳಗೆ. ಹೊರಗೆ ರಾತ್ರಿ ಒಂಬತ್ತಾದರೂ ಬಿಸಿಗಾಳಿ. ಮಗಳು ನಂಬಲಿಲ್ಲ. ಅವರು ಹೋಗಿದ್ದು ಕಾರಿನ ಡಿಕ್ಕಿಯಲ್ಲಿಟ್ಟ ಬಾಟಲಿಗಾಗಿ, ಕುಡಿಯಲು.

ಆಮೇಲೆ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಡಿಜೆ ಮುಂದೆ ಹಾಡಿನ ವಿಷಯಕ್ಕೆ ಜಗಳ. ಹುಡುಗನ ಗೆಳೆಯನೊಬ್ಬ ಆಳಂದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ತೊಗರಿ ಮಾರಿದ ದುಡ್ಡು ಸುರಿದು ಮಗಳ ಲಗ್ನ ಮಾಡಿದ ಹುಡುಗಿಯ ತಂದೆ, ತಾನು ಮಾಡದ ತಪ್ಪಿಗೆ ಬೀಗರ ಮುಂದೆ ಕೈಮುಗಿದು ನಿಂತಿದ್ದರು. ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಮೆಲ್ಬರ್ನ್‌ನಲ್ಲಿರುವ ನಮ್ಮ ಕನ್ನಡಿಗರ ಪತ್ರಿಕೆಯ ಈ ಸಂಚಿಕೆಗೆ ಬೇರೆ ಏನೋ ಬರೆಯಬೇಕು ಅಂದುಕೊಂಡಿದ್ದೆ. ನಾಳೆ ಬೆಳಗ್ಗೆ ಪತ್ರಿಕೆ ಹೋಗಬೇಕು, ರಾತ್ರಿ ಹನ್ನೊಂದಾಗಿದೆ, ಮನಸ್ಸಿನಲ್ಲಿ ಇದೇ ಕೂತಿದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈ ವರ್ಷ ಮದುವೆ ಇದೆ. ಒಂದು ರಿಸೆಪ್ಷನ್ ಊರಲ್ಲಿ, ಇನ್ನೊಂದು ಇಲ್ಲಿ ಮೆಲ್ಬರ್ನ್‌ನಲ್ಲಿ. ಹಾಗಾಗಿ ಬರೆದೇಬಿಡುತ್ತೇನೆ.

ನನ್ನ ಅಕ್ಕನ ಲಗ್ನ ಆದದ್ದು ಆಳಂದದ ಕಡೆಯ ನಮ್ಮ ಹಳ್ಳಿಯಲ್ಲಿ. ಆಗ ಸಾರಾಯಿ ಪಾಕೀಟಿನ ಕಾಲ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತಲ್ಲ, ಅದಕ್ಕಿಂತ ಬಹಳ ಮುಂಚೆ. ಬೀಗರು ಹುಮನಾಬಾದ್ ಕಡೆಯಿಂದ ಲಾರಿಯಲ್ಲಿ ಬರುವವರಿದ್ದರು. ನಮ್ಮ ದೊಡ್ಡಪ್ಪ ಪ್ರೈಮರಿ ಶಾಲೆ ಮಾಸ್ತರರು. ಒಂದು ಹನಿ ಮುಟ್ಟಿದವರಲ್ಲ. ಆದರೆ ಕುಡಿಯುವವರನ್ನು ಹೀನಾಯವಾಗಿ ಮಾತಾಡಿದ್ದನ್ನೂ ನಾನು ಕೇಳಿಲ್ಲ. ಲಗ್ನದ ಹಿಂದಿನ ದಿನ ಅವರು ಊರಲ್ಲಿ ಕುಡಿಯುವವರ ಮನೆಮನೆಗೆ ಹೋದರು. ನಾನೂ ಬಾಲದ ಹಾಗೆ ಹಿಂದೆ. “ಮಾವಾ, ನಾಳಿ ನಮ್ಮ ಹುಡುಗಿ ಲಗ್ನ ಅದ. ನೀರಿಂದು ಎಲ್ಲಾ ನಿನ್ನ ಮ್ಯಾಲ” ಎಂದು ಒಬ್ಬರಿಗೆ. “ತಮ್ಮಾ, ಪೆಟ್ರೋಮ್ಯಾಕ್ಸ್ ಆರಬಾರದು, ನೀನೇ ನೋಡ್ಕೋ” ಎಂದು ಇನ್ನೊಬ್ಬರಿಗೆ. ಕುಡಿಯಬೇಡ ಅಂತ ಯಾರಿಗೂ ಹೇಳಲಿಲ್ಲ. ಆ ನೀರಿನ ಮಾವ ರಾತ್ರಿ ಕೊನೆಯ ಪಂಕ್ತಿ ಏಳುವವರೆಗೆ ಹಂಡೆ ಬಿಟ್ಟು ಕದಲಲಿಲ್ಲ.

ಬೀಗರ ಲಾರಿ ಬಂದ ಕೂಡಲೇ ಊಟಕ್ಕೆ ಕೂರಿಸಿದರು. ಮೆರವಣಿಗೆ ಆಮೇಲೆ. ರೊಟ್ಟಿ, ಎಣಗಾಯಿ, ಹುಗ್ಗಿ, ಅದರ ಮೇಲೆ ತುಪ್ಪ. ಲಗ್ನದ ಮನೆಯಲ್ಲಿ ಇದೇನು ಅವಸರ ಅಂತ ಅಜ್ಜಿ ಗೊಣಗಿದರು. “ಹಸಿದ ಹೊಟ್ಟ್ಯಾಗ ಬಿದ್ರ ನೆತ್ತಿಗಿ ಏರ್ತದ, ಸುಮ್ನಿರವ್ವ” ಎಂದರು ದೊಡ್ಡಪ್ಪ. ಎಂ80, ರಾಜದೂತ್ ಮೇಲೆ ಬಂದವರ ಚಾವಿ ಎಲ್ಲ ಅವರ ಅಂಗಿಯ ಕಿಸೆಯಲ್ಲಿ. ಕೇಳಿ ಇಸಿದುಕೊಂಡದ್ದಲ್ಲ. “ಹುಡುಗ್ರು ಗಾಡಿ ಹೊಡೀತಾವ, ನನ್ನ ಹಂತ್ಯಾಕ ಇರ್ಲಿ” ಎಂದು ಬಂದಾಗಲೇ ತೆಗೆದುಕೊಂಡದ್ದು. ಪಕ್ಕದ ಮನೆಯ ಪಡಸಾಲೆಯಲ್ಲಿ ಹೊರಸು ಹಾಕಿ ಕಂಬಳಿ ಹಾಸಿಸಿದ್ದರು. ಅಕ್ಷತೆಯ ಹೊತ್ತಿಗೆ ಬೀಗರ ಕಡೆಯ ಒಬ್ಬರು ಜೋರಾಗಿ ಅಳಲು ಶುರು ಮಾಡಿದರು. ದೊಡ್ಡಪ್ಪ ಹೆಗಲ ಮೇಲೆ ಕೈಹಾಕಿ, “ಬಾ, ಅಲ್ಲಿ ಕುಂತು ಮಾತಾಡಮು” ಎಂದು ಆ ಪಡಸಾಲೆಗೆ ಕರೆದುಕೊಂಡು ಹೋದರು. ಹುಷಾರಿರುವ ಒಬ್ಬ ಹುಡುಗನನ್ನು ಹತ್ತಿರ ಕೂರಿಸಿ ಬಂದರು. ಮರುದಿನ ಬೆಳಗ್ಗೆ ಎಲ್ಲರಿಗೂ ಸುಸಲಾ, ಮಿರ್ಚಿ ಭಜಿ, ಚಹಾ. ಜೊತೆಗೆ ಅವರವರ ಚಾವಿ. ರಾತ್ರಿಯ ಮಾತೇ ಇಲ್ಲ.

ಈಗ ನಮ್ಮ ಲಗ್ನಗಳಲ್ಲಿ ಎಲ್ಲಕ್ಕೂ ಒಬ್ಬೊಬ್ಬರು ಇದ್ದಾರೆ. ಸ್ಟೇಜ್‌ಗೆ, ಹೂವಿಗೆ, ಡ್ರೋನ್ ಕ್ಯಾಮೆರಾಕ್ಕೆ. ಇದೊಂದಕ್ಕೆ ಯಾರೂ ಇಲ್ಲ. ಕುಡಿತ ಇದೆ ಅಂತ ಎಲ್ಲರಿಗೂ ಗೊತ್ತು, ಇಲ್ಲ ಅಂತ ಎಲ್ಲರೂ ನಟಿಸುತ್ತೇವೆ. ಹಾಗಾಗಿಯೇ ಅದು ಕಾರಿನ ಡಿಕ್ಕಿಗೆ ಹೋಗುತ್ತದೆ. ಅಲ್ಲಿ ಊಟ ಇಲ್ಲ, ನೀರು ಇಲ್ಲ, ಅಳತೆ ಇಲ್ಲ. ಯಾರಾದರೂ ಬಂದುಬಿಟ್ಟಾರು ಅಂತ ಗಡಿಬಿಡಿಯಲ್ಲಿ ಗಂಟಲಿಗೆ ಸುರಿದುಕೊಳ್ಳುವುದು. ಅಷ್ಟಾದ ಮೇಲೆ ಅದೇ ಕಾರು ಓಡಿಸುವುದು.

ಲಗ್ನದಲ್ಲಿ ಮದ್ಯ ಬೇಡ ಅನ್ನುವುದೇ ನನ್ನ ಮನಸ್ಸು. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ‘ನಿಮ್ಮ ದುಶ್ಚಟ ಇದರಲ್ಲಿ ಹಾಕಿ’ ಎಂದು ಬೇಡಿದರು. ಅವರ ಹುಟ್ಟುದಿನವಾದ ಆಗಸ್ಟ್ 1 ಈಗ ಕರ್ನಾಟಕದಲ್ಲಿ ವ್ಯಸನಮುಕ್ತ ದಿನ. ಬೇಡ ಅನ್ನುವವರು ಕಾರ್ಡಿನಲ್ಲೇ ಒಂದು ಸಾಲು ಹಾಕಿ. ಗೆಳೆಯರ ಗುಂಪಿಗೆ ಫೋನ್ ಮಾಡಿ ಬಾಯಿಬಿಟ್ಟು ಹೇಳಿ. ಪಾರ್ಕಿಂಗ್‌ನಲ್ಲಿ ಇಬ್ಬರು ಹಿರಿಯರು ಕುರ್ಚಿ ಹಾಕಿಕೊಂಡು ಕೂತರೆ ಅರ್ಧ ಕೆಲಸ ಆಯಿತು.

ಕೊಡುತ್ತೇವೆ ಅನ್ನುವವರು ಮುಚ್ಚುಮರೆ ಇಲ್ಲದೆ ಕೊಡಿ, ಲೆಕ್ಕ ಇಟ್ಟು ಕೊಡಿ. ಕರ್ನಾಟಕದಲ್ಲಿ ಹಾಲ್‌ನಲ್ಲಿ ಮದ್ಯ ಹಂಚಲು ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗೆ ಸಿಎಲ್-5 ಲೈಸೆನ್ಸ್ ಬೇಕು. ಟೇಬಲ್ ಮೇಲೆ ಬಾಟಲಿ ಇಡಬೇಡಿ. ಇಟ್ಟರೆ ಯಾರೂ ಅಳೆಯುವುದಿಲ್ಲ. ಒಬ್ಬರು ನಿಂತು ಅಳೆದು ಹಾಕಲಿ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ‘ಬರೀ ಬಿಯರ್ ಅಲ್ವಾ’ ಅನ್ನುವವರು ಕೇಳಿ: 8 ಪರ್ಸೆಂಟಿನ ಸ್ಟ್ರಾಂಗ್ ಬಿಯರ್‌ನ 650 ಎಂಎಲ್ ಬಾಟಲಿ ಅಂದರೆ ಅಂಥ ನಾಲ್ಕು ಪೆಗ್. ದೇಹ ಒಂದು ಸಣ್ಣ ಪೆಗ್ ಕರಗಿಸಲು ಸುಮಾರು ಒಂದು ಗಂಟೆ ಬೇಕು. ನಿಂಬೆಹಣ್ಣು, ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ, ಯಾವುದರಿಂದಲೂ ಅದು ಬೇಗ ಇಳಿಯುವುದಿಲ್ಲ. ರಾತ್ರಿ ಹತ್ತಕ್ಕೆ ಆ ಬಾಟಲಿ ಮುಗಿಸಿದವರ ಮೈಯಲ್ಲಿ ಮಧ್ಯರಾತ್ರಿಗೂ ಅರ್ಧ ಉಳಿದಿರುತ್ತದೆ. ಭಾರತದ ಕಾನೂನಿನಲ್ಲಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ದಾಟಿದವರು ಗಾಡಿ ಮುಟ್ಟುವಂತಿಲ್ಲ. ಮೊದಲ ಸಲ ಸಿಕ್ಕರೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಊಟ ಮೊದಲು. ನೀರು ಎಲ್ಲ ಟೇಬಲ್ ಮೇಲೆ. 42 ಡಿಗ್ರಿ ಬಿಸಿಲಿನ ನಮ್ಮೂರಲ್ಲಿ ನೀರಿಲ್ಲದೆ ಕುಡಿದವರು ಬೇಗ ಬೀಳುತ್ತಾರೆ. ಕಾರ್ಯಕ್ರಮ ಮುಗಿಯುವ ಒಂದು ಗಂಟೆ ಮುಂಚೆ ಕೌಂಟರ್ ಮುಚ್ಚಿ. ಆ ಹೊತ್ತಿಗೆ ಸಿಹಿ, ಚಹಾ ಬರಲಿ. ಮನೆಗೆ ಬಿಡಲು ಗಾಡಿ, ಡ್ರೈವರ್ ಮೊದಲೇ ಗೊತ್ತು ಮಾಡಿ. ನನ್ನ ತಮ್ಮನ ಲಗ್ನದಲ್ಲಿ ಅವನ ಮುಸ್ಲಿಂ ಗೆಳೆಯರೇ ಈ ಕೆಲಸ ಹೊತ್ತರು. ಬೆಳಗಿನ ಜಾವದವರೆಗೆ ಒಬ್ಬೊಬ್ಬರನ್ನೂ ಮನೆ ಬಾಗಿಲಿಗೆ ಮುಟ್ಟಿಸಿದರು. ಆ ಉಪಕಾರ ನಾವು ಮರೆಯುವುದಿಲ್ಲ. ಯಾರಾದರೂ ಎಬ್ಬಿಸಿದರೂ ಏಳದ ಸ್ಥಿತಿಯಲ್ಲಿದ್ದರೆ ‘ಮಲಗಲಿ ಬಿಡು’ ಅನ್ನಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಬ್ಬರನ್ನೇ ಬಿಡಬೇಡಿ, 108ಕ್ಕೆ ಫೋನ್ ಮಾಡಿ. ವಾಂತಿ ಉಸಿರಿಗೆ ಸಿಕ್ಕರೆ ಜೀವ ಹೋಗುತ್ತದೆ.

ಇನ್ನು ಇಲ್ಲಿ ಮೆಲ್ಬರ್ನ್‌ನ ಮಾತು. ಬಾರ್‌ನಲ್ಲಿ ನಿಂತು ಹಾಕಿಕೊಡುವವರಿಗೆ ಆರ್‌ಎಸ್‌ಎ, ಅಂದರೆ ಜವಾಬ್ದಾರಿಯಿಂದ ಮದ್ಯ ಬಡಿಸುವ ತರಬೇತಿ ಇರುತ್ತದೆ. ಅಮಲೇರಿದವರಿಗೆ ಮತ್ತೆ ಕೊಡುವಂತಿಲ್ಲ ಅಂತ ಕಾನೂನೇ ಇದೆ. ಕಳೆದ ಸಲ ಒಂದು ರಿಸೆಪ್ಷನ್‌ನಲ್ಲಿ ಹಾಗೆ ಕೊಡದ ಹುಡುಗಿಯ ಮೇಲೆ ನಮ್ಮವರೇ ಕೂಗಾಡಿದರು. ದಯವಿಟ್ಟು ಹಾಗೆ ಮಾಡಬೇಡಿ. ಅವಳು ನಮ್ಮ ಮನೆಯವರನ್ನೇ ಕಾಯುತ್ತಿದ್ದಾಳೆ. ಇಲ್ಲಿ ಗಾಡಿ ಓಡಿಸುವವರಿಗೆ ರಕ್ತದಲ್ಲಿನ ಆಲ್ಕೋಹಾಲ್ ಮಿತಿ 0.05 ಪರ್ಸೆಂಟ್. ಹೊಸದಾಗಿ ಲೈಸೆನ್ಸ್ ಸಿಕ್ಕಿ ಪಿ-ಪ್ಲೇಟ್ ಇರುವ ನಮ್ಮ ಮಕ್ಕಳಿಗೆ ಸೊನ್ನೆ, ಒಂದು ಗುಟುಕೂ ಇಲ್ಲ. ‘ಒಂದು ಸಿಪ್ ತೊಗೊಳೋ’ ಅಂತ ಒತ್ತಾಯ ಮಾಡುವ ಮಾವಂದಿರು ಇದನ್ನು ಎರಡು ಸಲ ಓದಿ.

ಜಾಗ ಕಡಿಮೆ ಇದೆ, ಸೂಚನೆಗಳು ಬೇಗ ಬೇಗ. ಕಾರಹುಣ್ಣಿಮೆಯ ಕೂಟಕ್ಕೆ ಹೋಳಿಗೆ, ಕರಿಗಡುಬು ತರುವವರು ಹೆಸರು ಬರೆಸಿ. ರೊಟ್ಟಿ ಬಡಿಯುವವರು ಇನ್ನೂ ಬೇಕು. ಶನಿವಾರದ ಕನ್ನಡ ತರಗತಿ ರಜೆ ಮುಗಿದ ಮೇಲೆ ಮತ್ತೆ ಶುರು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ದಿನಕ್ಕೆ ಬೀದರ್, ಯಾದಗಿರಿ ಕಡೆಯವರು ಮನೆಯಲ್ಲಿರುವ ಬಿದರಿ ಸಾಮಾನು ತಂದರೆ ಒಂದು ಮೇಜಿನ ಮೇಲೆ ಜೋಡಿಸೋಣ. ಗಣೇಶ ಹಬ್ಬದ ಹಾಲ್ ಸಿಕ್ಕಿದೆ. ಕುರ್ಚಿ ಜೋಡಿಸಲು, ಆಮೇಲೆ ಗುಡಿಸಲು ಜನ ಬೇಕು. ಪ್ರತಿ ಸಲ ಅದೇ ನಾಲ್ಕು ಮಂದಿ ಆಗಬಾರದು.

ಇನ್ನೊಂದು ಪಟ್ಟಿ ಮಾಡಬೇಕು ಅಂತಿದ್ದೇನೆ. ಸದಸ್ಯರ ಮನೆಯ ರಿಸೆಪ್ಷನ್ ದಿನ ಕುಡಿಯದೆ ಇದ್ದು, ನೆಂಟರನ್ನು ಕಾರಿನಲ್ಲಿ ಮನೆ ಮುಟ್ಟಿಸಲು ಒಪ್ಪುವವರ ಪಟ್ಟಿ. ಪೆಟ್ರೋಲ್ ಖರ್ಚನ್ನು ಮದುವೆ ಮನೆಯವರು ಕೊಡಲಿ. ನನ್ನ ಮತ್ತು ನಮ್ಮವರ ಹೆಸರು ಮೊದಲು ಬರೆದಿದ್ದೇನೆ. ಉಳಿದವರು ಕೂಟಕ್ಕೆ ಬಂದಾಗ ಹೇಳಿ.

ಈ ಪತ್ರಿಕೆಯ ಪುಟ ಜೋಡಿಸುವ ಕೆಲಸವನ್ನೂ ಈಗ ನಾನೊಬ್ಬಳೇ ಮಾಡುತ್ತಿದ್ದೇನೆ. ಕಂಪ್ಯೂಟರ್‌ನಲ್ಲಿ ಕನ್ನಡ ಟೈಪ್ ಬರುವ ಒಬ್ಬರು ಸಿಕ್ಕರೆ ಸಾಕು. ಮುಂದಿನ ಸಂಚಿಕೆಗೆ ಬರಹ ಕಳಿಸುವವರು ಈ ತಿಂಗಳ ಕೊನೆಯೊಳಗೆ ಕಳಿಸಿ. ಮಕ್ಕಳ ಚಿತ್ರಗಳ ಹಿಂದೆ ಹೆಸರು, ವಯಸ್ಸು ಬರೆಯುವುದನ್ನು ಮರೆಯಬೇಡಿ.

– ಸಂಪಾದಕಿ