ಮಗಳಿಗೊಂದು ಪತ್ರ: ಕಾರಿನ ಮುಂದೆ ನೇತಾಡುವ ಆ ಪ್ಲಗ್

ಪುಟ್ಟಿ,

ನಿನ್ನೆ ಫೋನಿನಲ್ಲಿ "ಅಪ್ಪಾ, ಕಾರಿನ ಗ್ರಿಲ್ಲಿನಿಂದ ಒಂದು ಪ್ಲಗ್ ನೇತಾಡ್ತಾ ಇದೆ, ಅದೇನು?" ಅಂತ ಕೇಳಿದೆಯಲ್ಲ, ಆಮೇಲೆ ನನಗೆ ನಿದ್ದೆ ಬರಲಿಲ್ಲ. ಅದು ಬ್ಲಾಕ್ ಹೀಟರ್. ಕೆನಡಾದ ಸಸ್ಕಟೂನ್‌ನಂಥ ಊರಲ್ಲಿ ಹಳೇ ಗಾಡಿ ಇಟ್ಟುಕೊಂಡು ಅದಿಲ್ಲದೆ ಜನವರಿ ದಾಟೋದು ಕಷ್ಟ. ಮೈನಸ್ 30ರ ಚಳಿಗೆ ಎಂಜಿನ್ ಆಯಿಲ್ ಆರಿದ ಬೆಲ್ಲದ ಪಾಕದ ಹಾಗೆ ಆಗುತ್ತದೆ, ಬ್ಯಾಟರಿಯಲ್ಲೂ ಅರ್ಧ ಜೀವ ಇರುವುದಿಲ್ಲ.

ನಮ್ಮೂರಲ್ಲಿ ಸ್ನಾನದ ನೀರಿಗೆ ಬಕೆಟ್ಟಿನಲ್ಲಿ ಕಾಯಿಲ್ ಇಡುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅದೇ ಇದು. ಎಂಜಿನ್ ಒಳಗೆ ಹರಿಯುವ ಕೂಲೆಂಟ್ ಅನ್ನೋ ದ್ರವವನ್ನು ಬೆಚ್ಚಗಿಡುತ್ತದೆ. ನೀರಿಲ್ಲದೆ ಕಾಯಿಲ್ ಹಾಕಿದರೆ ಸುಟ್ಟು ಹೋಗುತ್ತಿತ್ತು, ಇದೂ ಹಾಗೇ, ಕೂಲೆಂಟ್ ಕಡಿಮೆಯಾಗಿದ್ದರೆ ಸುಡುತ್ತದೆ. ಎಂಜಿನ್ ತಣ್ಣಗಿದ್ದಾಗ ಡಬ್ಬಿಯಲ್ಲಿ ಮಟ್ಟ ಎಷ್ಟಿದೆ ನೋಡು. ಮೊದಲು ನೀರಿಗಿಳಿಸಿ ಆಮೇಲೆ ಸ್ವಿಚ್ ಹಾಕು ಅಂತ ಅಮ್ಮ ಎಷ್ಟು ಸಲ ಬೈದಿದ್ದಾಳೆ ನೆನಪಿದೆಯಾ? ಇಲ್ಲೂ ಎಕ್ಸ್‌ಟೆನ್ಷನ್ ವೈರನ್ನು ಮೊದಲು ಕಾರಿನ ಪ್ಲಗ್ಗಿಗೆ ಚುಚ್ಚು, ಕೊನೆಗೆ ಸಾಕೆಟ್ಟಿಗೆ. ಕೀಳುವಾಗ ಸಾಕೆಟ್ಟಿನ ಕಡೆ ಮೊದಲು.

ನನಗೆ ಹೆದರಿಕೆ ಹೀಟರಿನದ್ದಲ್ಲ, ವೈರ್ ಮತ್ತು ಪ್ಲಗ್ ಸೇರುವ ಜಾಗದ್ದು. ವಿನ್ನಿಪೆಗ್‌ನಲ್ಲಿ ನನ್ನ ಮೊದಲ ಚಳಿಗಾಲ, ಮನೆಯೊಳಗೆ ಟಿವಿಗೆ ಬಳಸುತ್ತಿದ್ದ ತೆಳು ಎಕ್ಸ್‌ಟೆನ್ಷನ್ ವೈರನ್ನೇ ಸುಮ್ನೆ ಹೊರಗೆ ಎಳೆದು ಹಾಕಿದ್ದೆ, ದುಡ್ಡು ಉಳಿಯುತ್ತದೆ ಅಂತ. ಒಂದು ಬೆಳಗ್ಗೆ ಕೀಳೋಕೆ ಹೋದರೆ ಬರಲೇ ಇಲ್ಲ. ಎರಡು ಪ್ಲಗ್ಗೂ ಒಂದಕ್ಕೊಂದು ಅಂಟಿಕೊಂಡಿದ್ದವು. ಗ್ಲೌಸ್ ಹಾಕಿದ್ದ ಕೈಗೂ ಬಿಸಿ ತಾಗುತ್ತಿತ್ತು, ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು, ಆ ಸುಟ್ಟ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ವೈರಿನ ಹೊದಿಕೆ ಚಳಿಗೆ ಒಣಕಡ್ಡಿಯಾಗಿ ಅಲ್ಲಲ್ಲಿ ಸೀಳಿತ್ತು. ಇನ್ನೊಂದು ಗಂಟೆ ಬಿಟ್ಟಿದ್ದರೆ ಏನಾಗುತ್ತಿತ್ತೋ.

ಅದಕ್ಕೇ ಹೇಳುತ್ತೇನೆ, ಇವತ್ತೇ ಹೊರಗಡೆ ಬಳಸುವ ದಪ್ಪ ವೈರ್ ತಗೋ, 14 ಗೇಜ್, ಉದ್ದ ಜಾಸ್ತಿ ಬೇಕಾದರೆ 12 (ಗೇಜ್ ಅಂಕಿ ಕಡಿಮೆ ಅಂದರೆ ವೈರ್ ದಪ್ಪ). ಮೂರು ಪಿನ್ನಿನದ್ದೇ ಇರಲಿ, ಆ ಮೂರನೇ ಪಿನ್ ಯಾವತ್ತೂ ಮುರಿಯಬೇಡ. ಸುರುಳಿ ಸುತ್ತಿಟ್ಟು ಹಾಕಬೇಡ, ಬಿಸಿ ಕಟ್ಟುತ್ತದೆ. ಬಾನೆಟ್ ಸಂದಿಗೆ, ಟೈರ್ ಕೆಳಗೆ ಸಿಕ್ಕಬಾರದು. ಒಂದು ಎಕ್ಸ್‌ಟೆನ್ಷನ್ ವೈರಿಗೆ ಇನ್ನೊಂದನ್ನು ಜೋಡಿಸುವುದಂತೂ ಬೇಡವೇ ಬೇಡ. ಸಾಕೆಟ್ ಟ್ರಿಪ್ ಆದರೆ ಮತ್ತೆ ಮತ್ತೆ ರಿಸೆಟ್ ಒತ್ತಬೇಡ, ಎಲ್ಲೋ ಕರೆಂಟ್ ಸೋರುತ್ತಿದೆ ಅಂತ ಅರ್ಥ. ಮೆಕ್ಯಾನಿಕ್ಕಿಗೆ ತೋರಿಸು.

ರಾತ್ರಿಯಿಡೀ ಹಾಕಿಡುವುದು ಬೇಕಿಲ್ಲ. ಹೊರಡುವುದಕ್ಕೆ ಮೂರು ಗಂಟೆ ಮುಂಚೆ ಸಾಕು. ಹೊರಗಡೆ ಬಳಸುವಂಥ ಟೈಮರ್ ಸಿಗುತ್ತದೆ, 15 ಆಂಪಿಯರಿನದ್ದು ನೋಡಿ ತಗೋ. 800 ವಾಟ್ ಹೀಟರ್ 12 ಗಂಟೆ ಉರಿದರೆ 9.6 ಯೂನಿಟ್, ಮೂರು ಗಂಟೆಗೆ 2.4. ಕರೆಂಟ್ ಉಳಿಯುವುದು ಒಂದು ಕಡೆ, ಆ ಪ್ಲಗ್ಗೂ ಅಷ್ಟು ಹೊತ್ತು ಕಡಿಮೆ ಬಿಸಿಯಾಗುತ್ತದೆ ಅಲ್ವಾ.

ಹೊರಡುವಾಗ ಮರೆತು ವೈರನ್ನು ಎಳೆದುಕೊಂಡೇ ಹೋಗುವವರು ಅಲ್ಲಿ ಬೇಕಾದಷ್ಟು ಜನ. ನಾನು ವೈರನ್ನು ಡ್ರೈವರ್ ಕಡೆಯ ಕನ್ನಡಿಯ ಮೇಲೆ ಹಾಕಿಡುತ್ತಿದ್ದೆ, ಬಾಗಿಲು ತೆಗೆಯುವಾಗ ಕಣ್ಣಿಗೆ ಬೀಳುತ್ತಿತ್ತು. ಇನ್ನು, ಹಿಮ ಬಿದ್ದ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಸೈಲೆನ್ಸರ್ ಬಾಯಿ ಮುಚ್ಚಿಲ್ಲವಾ ನೋಡು. ಮುಚ್ಚಿದ್ದರೆ ಹೊಗೆ ಒಳಗೇ ಬರುತ್ತದೆ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ ಮಗಾ.

ಸಂಜೆ ಬೆಳಕಿರುವಾಗಲೇ ಆ ಪ್ಲಗ್ಗಿನ ಫೋಟೋ ಕಳಿಸು. ಪಿನ್ನುಗಳು ಚೆನ್ನಾಗಿ ಕಾಣಬೇಕು, ಹತ್ತಿರದಿಂದ ತೆಗಿ. ನಾನು ನೋಡಿ ಹೇಳುವವರೆಗೆ ಸಾಕೆಟ್ಟಿಗೆ ಹಾಕಬೇಡ, ನಾಳೆ ಒಂದು ದಿನ ಬಸ್ಸಿನಲ್ಲೇ ಹೋಗು.

ನಿನ್ನ
ಅಪ್ಪ