ಒಂದೇ ಒಲೆ, ತೆರೆದಿಟ್ಟ ಲೆಕ್ಕ

ಸಂಪಾದಕರಿಗೆ,

ಮಾನ್ಯರೇ,

ಮಕ್ಕಳು ಹೈದರಾಬಾದ್, ಪುಣೆಗೆ ದುಡಿಯಲು ಹೋದ ಮೇಲೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಒಂಟಿಯಾಗಿ ಉಳಿದ ಹಿರಿಯರ ಬಗ್ಗೆ ಓದುಗರೊಬ್ಬರು ಈ ಅಂಕಣಕ್ಕೆ ಬರೆದಿದ್ದ ಪತ್ರವನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಬೀದರ್ ನಗರದ ಹೊರವಲಯದಲ್ಲಿ ನಾವು ನಾಲ್ಕು ಕ್ರೈಸ್ತ ಕುಟುಂಬಗಳು, ಒಟ್ಟು ಹದಿಮೂರು ಜನ, ಒಂಬತ್ತು ವರ್ಷಗಳಿಂದ ಒಂದೇ ಒಲೆಯ ಮೇಲೆ ಬೇಯಿಸಿ ಉಣ್ಣುತ್ತ, ಗಳಿಕೆಯ ದೊಡ್ಡ ಪಾಲನ್ನು ಒಂದೇ ಪೆಟ್ಟಿಗೆಗೆ ಹಾಕುತ್ತ ಬಾಳುತ್ತಿದ್ದೇವೆ. ನಮ್ಮಲ್ಲಿ ಶಿಕ್ಷಕರಿದ್ದಾರೆ, ಒಬ್ಬ ನರ್ಸ್ ಇದ್ದಾರೆ, ಆಟೋ ಓಡಿಸುವವರಿದ್ದಾರೆ, ಮಕ್ಕಳು ದೂರವಿರುವ ಇಬ್ಬರು ವಿಧವೆಯರೂ ಇದ್ದಾರೆ. ನೋಡಲು ಬಂದವರು ‘ಒಳ್ಳೆಯ ಮನಸ್ಸಿನವರು ಕೂಡಿದ್ದೀರಿ, ಅದಕ್ಕೇ ನಡೆದಿದೆ’ ಎನ್ನುತ್ತಾರೆ. ಅವರ ಮಾತಿಗೆ ನಾನು ಒಪ್ಪುವುದಿಲ್ಲ. ಒಳ್ಳೆಯ ಮನಸ್ಸು ಆರು ತಿಂಗಳು ನಡೆಸೀತು. ಅಲ್ಲಿಂದ ಮುಂದೆ ಇದನ್ನು ನಡೆಸಿಕೊಂಡು ಬಂದದ್ದು ಅಡುಗೆಮನೆಯ ಗೋಡೆಯ ಮೊಳೆಗೆ ತೂಗುಹಾಕಿರುವ, ಅರಿಸಿನದ ಕಲೆ ಹತ್ತಿದ ಒಂದು ಲೆಕ್ಕದ ವಹಿ.

ಯೆರೂಸಲೇಮಿನ ಮೊದಲ ವಿಶ್ವಾಸಿಗಳು ಹೊಲಮನೆ ಮಾರಿ, ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೊಂಡ ಸಂಗತಿಯನ್ನು ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ ಎರಡನೆಯ ಮತ್ತು ನಾಲ್ಕನೆಯ ಅಧ್ಯಾಯಗಳಿಂದ ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಓದಿ ಕಣ್ಣು ತುಂಬಿಕೊಳ್ಳುತ್ತೇವೆ. ಆರನೆಯ ಅಧ್ಯಾಯಕ್ಕೆ ಅಷ್ಟು ಗಮನ ಕೊಡುವುದಿಲ್ಲ. ಗ್ರೀಕ್ ಮಾತನಾಡುವ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸುತ್ತಿದ್ದಾರೆಂದು ಗುಣುಗುಟ್ಟುವಿಕೆ ಎದ್ದದ್ದು, ಯೇಸುವಿನ ಶಿಷ್ಯರಾದ ಅಪೊಸ್ತಲರು ಜನರನ್ನು ಕೂಡಿಸಿ ಏಳು ಮಂದಿಯನ್ನು ಆರಿಸಿರೆಂದು ಹೇಳಿ ಆ ಕೆಲಸವನ್ನು ಅವರಿಗೆ ಒಪ್ಪಿಸಿದ್ದು ಅಲ್ಲಿದೆ. ಊಟ ಬಡಿಸುವುದರಲ್ಲಿ ಬಂದ ಜಗಳವನ್ನು ಅವರು ಭಕ್ತಿಯ ಕೊರತೆ ಎಂದು ಬೈಯದೆ, ವ್ಯವಸ್ಥೆಯ ಕೊರತೆ ಎಂದು ತಿಳಿದು ಸರಿಪಡಿಸಿದರು.

ಈ ಬಾಳ್ವೆ ನಾವು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. 1528ರಲ್ಲಿ ಯುರೋಪಿನ ಮೊರಾವಿಯಾದಲ್ಲಿ (ಇಂದಿನ ಚೆಕ್ ದೇಶದ ಭಾಗ) ನೆಲೆ ಕಳೆದುಕೊಂಡು ಹೊರಟ ಸುಮಾರು ಇನ್ನೂರು ಮಂದಿ ಕ್ರೈಸ್ತರು ದಾರಿಯಲ್ಲಿ ಒಂದು ನಿಲುವಂಗಿ ಹಾಸಿ, ತಮ್ಮ ತಮ್ಮಲ್ಲಿದ್ದುದನ್ನು ಅದರ ಮೇಲೆ ಇಟ್ಟರು. ಹಟರೈಟರೆಂದು ಹೆಸರಾದ ಆ ಪರಂಪರೆಯ ಜನ ಇಂದಿಗೂ ಕೆನಡಾ, ಅಮೆರಿಕಗಳಲ್ಲಿ ಆಸ್ತಿಯನ್ನು ಒಟ್ಟಾಗಿಟ್ಟುಕೊಂಡೇ ಬೇಸಾಯ ಮಾಡುತ್ತಾರೆ. ನಮ್ಮ ದೇಶದಲ್ಲಿ 1921ರಲ್ಲಿ ತಮಿಳುನಾಡಿನ ತಿರುಪತ್ತೂರಿನಲ್ಲಿ ಕ್ರಿಸ್ತಕುಲ ಆಶ್ರಮ ಆರಂಭವಾಯಿತು. 1930ರಲ್ಲಿ ನೈನಿತಾಲ್ ಬಳಿಯ ಸಾತ್ ತಾಲ್‌ನಲ್ಲಿ ಆಶ್ರಮ ಕಟ್ಟಿದ ಅಮೆರಿಕದ ಮಿಷನರಿ ಸ್ಟ್ಯಾನ್ಲಿ ಜೋನ್ಸ್ ನಮ್ಮ ಮೆಥೊಡಿಸ್ಟ್ ಸಭೆಯವರೇ. ಅಲ್ಲಿ ವಾರಕ್ಕೊಂದು ದಿನ ಆಳುಗಳಿಗೆ ರಜೆ ಕೊಟ್ಟು, ಪಾಯಿಖಾನೆ ತೊಳೆಯುವ ಕೆಲಸವನ್ನೂ ಆಶ್ರಮವಾಸಿಗಳೇ ಮಾಡುತ್ತಿದ್ದರು. ಆ ಕೆಲಸವನ್ನು ಯಾವ ಜಾತಿಯವರ ತಲೆಗೆ ಕಟ್ಟಲಾಗಿತ್ತೆಂಬುದನ್ನು ಬಲ್ಲ ನಮ್ಮ ಭಾಗದವರಿಗೆ ಅದರ ತೂಕ ಗೊತ್ತು. ನಮ್ಮ ಮನೆಯಲ್ಲಿಯೂ ಆ ಪಾಳಿ ಎಲ್ಲರಿಗೂ ಬರುತ್ತದೆ. ಬಸವಕಲ್ಯಾಣದ ದಾಸೋಹವನ್ನು, ಗುರುನಾನಕ್ ಝೀರಾ ಗುರುದ್ವಾರದ ಲಂಗರನ್ನು ಕಂಡು ಬೆಳೆದ ಬೀದರಿನವರಿಗೆ ಕೂಡಿ ಉಣ್ಣುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಷ್ಟವಿರುವುದು ಪಗಾರವನ್ನು ಕೂಡಿಸುವುದರಲ್ಲಿ.

ಆ ಕಷ್ಟದಲ್ಲಿ ನಾನೇ ಎಡವಿದ್ದನ್ನು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಹೈದರಾಬಾದಿನಲ್ಲಿರುವ ನನ್ನ ಮಗ ಊರ ಮನೆಯ ಮಾಳಿಗೆ ರಿಪೇರಿಗೆಂದು ಇಪ್ಪತ್ತು ಸಾವಿರ ರೂಪಾಯಿ ಕಳಿಸಿದ. ನಾನು ಅದನ್ನು ಯಾರಿಗೂ ತಿಳಿಸದೆ ಟ್ರಂಕಿನಲ್ಲಿಟ್ಟೆ. ಅದೇ ತಿಂಗಳು ನಮ್ಮಲ್ಲೊಬ್ಬ ಅಕ್ಕನ ಮಗಳ ನರ್ಸಿಂಗ್ ಕಾಲೇಜಿನ ಫೀಸಿಗೆ ಪೆಟ್ಟಿಗೆಯಲ್ಲಿ ಹಣ ಸಾಲಲಿಲ್ಲ. ಶನಿವಾರ ರಾತ್ರಿ ವಹಿ ಓದಿದ ಮೇಲೆ ಎಲ್ಲರೂ ‘ಯಾರ ಹತ್ತಿರವಾದರೂ ಇದೆಯೇ’ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿದರು. ನಾನು ತಟ್ಟೆಯಲ್ಲಿದ್ದ ರೊಟ್ಟಿಯ ಚೂರನ್ನು ನೋಡುತ್ತ ಕುಳಿತೆ. ಮೂರು ವಾರ ನಿದ್ದೆ ಬಾರದೆ, ಕಡೆಗೆ ಎಲ್ಲರೆದುರು ಒಪ್ಪಿಕೊಂಡಾಗ ಆ ಅಕ್ಕ ಹೇಳಿದ್ದು ಇಷ್ಟೇ: ‘ಅದು ನಿಮ್ಮ ರೊಕ್ಕನೇ ಅಣ್ಣಾ. ಇಟ್ಕೊಳ್ರಿ. ಆದ್ರ ವಹಿದಾಗ ಬರೀಬೇಕಾಗಿತ್ತು.’ ಅದೇ ಪುಸ್ತಕದಲ್ಲಿ, ಹೊಲ ಮಾರಿದ ಹಣದಲ್ಲಿ ಒಂದು ಪಾಲನ್ನು ಬಚ್ಚಿಟ್ಟು ಉಳಿದದ್ದನ್ನಷ್ಟೇ ತಂದಿಟ್ಟ ಅನನೀಯನಿಗೆ ಅಪೊಸ್ತಲ ಪೇತ್ರನು ಕೇಳಿದ್ದೂ ಅದನ್ನೇ: ಹೊಲ ಮಾರುವ ಮುಂಚೆ ಅದು ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತು, ಹಾಗಿದ್ದೂ ಸುಳ್ಳೇಕೆ? ಕೊಡಲೇಬೇಕೆಂಬ ಬಲವಂತ ಅಲ್ಲಿರಲಿಲ್ಲ. ಅಂದಿನಿಂದ ನಮ್ಮ ವಹಿಯಲ್ಲಿ ‘ಸ್ವಂತ’ ಎಂಬ ಕಲಮು ಸೇರಿದೆ. ಯಾರು ಏನು ಬೇರೆ ಇಟ್ಟುಕೊಂಡರೂ ಅಲ್ಲಿ ಬರೆಯುತ್ತಾರೆ, ಯಾರೂ ಪ್ರಶ್ನಿಸುವುದಿಲ್ಲ.

ಬಿಟ್ಟು ಹೋಗುವ ದಾರಿಯೂ ತೆರೆದಿರಬೇಕು. ಮೂರನೆಯ ವರ್ಷ ಒಂದು ಕುಟುಂಬ ಮಕ್ಕಳ ಓದಿಗಾಗಿ ಹೊರಟಿತು. ಅವರು ಹಾಕಿದ್ದ ಹಣವನ್ನು ಹನ್ನೊಂದು ಕಂತುಗಳಲ್ಲಿ ಹಿಂದಿರುಗಿಸಿದೆವು. ಇಂದಿಗೂ ಕ್ರಿಸ್‌ಮಸ್‌ಗೆ ಬರುತ್ತಾರೆ.

ನಮ್ಮ ಸಭಾಪಾಲಕರಲ್ಲಿ (ಪಾದ್ರಿಗಳಲ್ಲಿ), ಸಭೆಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಮಿಷನ್ ಕಂಪೌಂಡುಗಳಲ್ಲಿ ತಲೆಮಾರುಗಳಿಂದ ಗೋಡೆಗೆ ಗೋಡೆ ಹಚ್ಚಿ ಬದುಕಿದ್ದೇವೆ. ಆದರೂ ಪಕ್ಕದ ಮನೆಯ ಸಾಲ ಎಷ್ಟೆಂದು ನಮಗೆ ತಿಳಿದಿರುವುದಿಲ್ಲ. ಕೂಡಿ ಬಾಳಲು ಮುಂದಾಗುವ ಕುಟುಂಬಗಳನ್ನು ಸಂತರೆಂದು ಹೊಗಳುವುದೂ ಬೇಡ, ಸಭೆ ಒಡೆಯುವವರೆಂದು ಶಂಕಿಸುವುದೂ ಬೇಡ. ಖಾಲಿ ಬಿದ್ದಿರುವ ಹಳೆಯ ಕ್ವಾರ್ಟರ್ಸ್‌ಗಳಲ್ಲಿ ಒಂದೆರಡನ್ನು, ಒಂಟಿ ಹಿರಿಯರನ್ನು ಜೊತೆಗಿಟ್ಟುಕೊಳ್ಳಲು ಒಪ್ಪುವ ಕಿರಿಯ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟರೆ ಸಾಕು.

ನಾವು ಇನ್ನೂ ಮಾಡದೆ ಉಳಿಸಿಕೊಂಡ ಕೆಲಸವೊಂದಿದೆ. ಮನೆ ಈಗಲೂ ನಮ್ಮಲ್ಲೊಬ್ಬರ ಹೆಸರಿನಲ್ಲಿದೆ. ಅದಕ್ಕಾಗಿ ಬಂಗಾರ ಮಾರಿ ಹಣ ಹಾಕಿದ ವಿಧವೆಯ ಕೈಯಲ್ಲಿ ಒಂದು ಕಾಗದವೂ ಇಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಸಂಘ ಮಾಡಿಕೊಂಡು ಮನೆಯನ್ನು ಅದರ ಹೆಸರಿಗೆ ವರ್ಗಾಯಿಸಲು ಈ ವರ್ಷ ನಿಶ್ಚಯಿಸಿದ್ದೇವೆ. ಟ್ರಸ್ಟ್ ಮಾಡುವುದು ಇದಕ್ಕಿಂತ ಲೇಸೇ ಎಂಬುದನ್ನು ತಿಳಿದ ವಕೀಲರು ಈ ಅಂಕಣದಲ್ಲಿಯೇ ಬರೆದರೆ, ನಮ್ಮಂತೆ ಆರಂಭಿಸಬೇಕೆಂದಿರುವವರಿಗೂ ಉಪಕಾರವಾಗುತ್ತದೆ.

ಇಂತಿ,
ಓರ್ವ ನಿವೃತ್ತ ಶಿಕ್ಷಕ, ಬೀದರ್